ಹನ್ನೊಂದನೇ ಬೆಡ್ಡಿನ ಲಕ್ಷ್ಮಮ್ಮ, ಹದಿನಾಲ್ಕನೇ ಬೆಡ್ಡಿನ ಲಕ್ಷ್ಮಮ್ಮ

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಕೇಂದ್ರವೊಂದರ 60 ಹಾಸಿಗೆಯ ಟ್ರಸ್ಟ್ ಆಸ್ಪತ್ರೆಯಲ್ಲಿ ನರ್ಸಿಂಗ್ ಇನ್‌ಚಾರ್ಜ್. 22 ವರ್ಷದ ಸರ್ವಿಸ್. ಎಂಟು ತಿಂಗಳ ಹಿಂದೆ ಕೇಸ್ ಶೀಟ್, ಡ್ರಗ್ ಚಾರ್ಟ್, ಇಂಡೆಂಟ್ ಎಲ್ಲ ಕಂಪ್ಯೂಟರಿಗೆ ಬಂತು. ಡೆಮೋ ದಿನ ಎಲ್ಲರಿಗೂ ಇಷ್ಟವಾಗಿತ್ತು. ಕಳೆದ ತಿಂಗಳು ನೈಟ್ ಡ್ಯೂಟಿಯಲ್ಲಿ ಡಾಕ್ಟರು 14ನೇ ಬೆಡ್ ಲಕ್ಷ್ಮಮ್ಮನವರಿಗೆ ಫೋನಿನಲ್ಲಿ ಹೇಳಿದ ಬೆಳಗಿನ ಇನ್ಸುಲಿನ್ 11ನೇ ಬೆಡ್ ಲಕ್ಷ್ಮಮ್ಮನವರ ಚಾರ್ಟಿನಲ್ಲಿ ಎಂಟ್ರಿ ಆಗಿತ್ತು. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಸಿಕ್ಕಿಬಿತ್ತು, ಇಂಜೆಕ್ಷನ್ ಕೊಟ್ಟಿರಲಿಲ್ಲ, ದೇವರು ದೊಡ್ಡವನು. ಕೆಲಸಕ್ಕೆ ಸೇರಿ ಒಂದು ವರ್ಷವಾದ ಹುಡುಗಿಗೆ ಮೆಮೋ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಕಂಪನಿಯವರು 'ಟ್ರೈನಿಂಗ್ ಸಾಲದು' ಅಂತಾರೆ. ಸ್ಟಾಫಿಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟೆವು, ಐದಕ್ಕೆ ನಾಲ್ಕು ಬಂತು. ಮುಂದಿನ ವರ್ಷದ ಹಣ ಕಟ್ಟುವ ಮುಂಚೆ ಮ್ಯಾನೇಜ್‌ಮೆಂಟಿನವರು 'ನೀವೇ ಪರೀಕ್ಷೆ ಮಾಡಿ ರಿಪೋರ್ಟ್ ಕೊಡಿ ಸಿಸ್ಟರ್' ಎಂದಿದ್ದಾರೆ. ನಾನು ಕಂಪ್ಯೂಟರ್ ಓದಿದವಳಲ್ಲ. ತಪ್ಪು ನಮ್ಮ ಹುಡುಗಿಯದಾ, ಸಾಫ್ಟ್‌ವೇರಿನದಾ? ಇದನ್ನು ಪರೀಕ್ಷಿಸುವುದು ಹೇಗೆ? ಸುಮ್ನೆ ಹಳೆ ಪುಸ್ತಕಕ್ಕೇ ಹೋಗಿಬಿಡೋಣ್ವಾ?

ಉತ್ತರ: ಸಿಸ್ಟರ್, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಂಪ್ಯೂಟರ್ ಓದದವರೂ ಇದನ್ನು ಪರೀಕ್ಷಿಸಬಹುದು. ಎಷ್ಟೋ ಸಲ ನನಗಿಂತ ಚೆನ್ನಾಗಿಯೇ ಮಾಡುತ್ತಾರೆ. ಆಸ್ಪತ್ರೆ ಸಾಫ್ಟ್‌ವೇರುಗಳನ್ನು ಬಳಸುವುದು ಎಷ್ಟು ಸುಲಭ, ಎಷ್ಟು ಸುರಕ್ಷಿತ ಅಂತ ನೋಡುವ ಕೆಲಸವನ್ನು ನಾನು ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಹೊಸ ಆಸ್ಪತ್ರೆಗೆ ಹೋದರೆ ಮೊದಲ ಎರಡು ದಿನ ನಿಮ್ಮಂಥ ಸಿಸ್ಟರುಗಳ ಬೆನ್ನ ಹಿಂದೆ ನಿಂತು ವಾರ್ಡ್ ಹೇಗೆ ನಡೆಯುತ್ತದೆ ಅಂತ ನೋಡುವುದೇ ಕೆಲಸ. ನಿಮಗೆ ಆ ಎರಡು ದಿನ ಬೇಕಿಲ್ಲ.

ತಪ್ಪು ಯಾರದು ಅನ್ನುವುದಕ್ಕೆ ಪತ್ರ ಓದಿಯೇ ತೀರ್ಪು ಕೊಡಲಾರೆ. ಆದರೆ ಇಬ್ಬರು ಲಕ್ಷ್ಮಮ್ಮಂದಿರು, ನೈಟ್ ಡ್ಯೂಟಿ, ಫೋನ್ ಆರ್ಡರ್ ಅಂತ ಓದಿದ ಕೂಡಲೇ ನನಗೆ ಹುಡುಗಿಗಿಂತ ಮೊದಲು ಆ ಪರದೆಯನ್ನು ನೋಡಬೇಕು ಅನ್ನಿಸಿತು.

ಐದಕ್ಕೆ ನಾಲ್ಕು ಹೇಗೆ ಬಂತು?

ಫಾರಂನಲ್ಲಿ ಹೆಸರು ಬರೆಸಿದ್ದಿರಾ? ಬರೆಸಿದ್ದರೆ ನಾಲ್ಕು ಬರಲೇಬೇಕು. ಹುಡುಗಿಗೆ ಮೆಮೋ ಬಂದ ತಿಂಗಳಲ್ಲಿ 'ನನಗೆ ಇದು ಕಷ್ಟ' ಅಂತ ಯಾರು ಬರೆದುಕೊಡುತ್ತಾರೆ? ಹೆಸರು ಇಲ್ಲದಿದ್ದರೂ ಇನ್ನೊಂದು ತೊಡಕಿದೆ. ಪರದೆ ಕೆಟ್ಟದಾಗಿದ್ದರೆ ಜನ ಪರದೆಯನ್ನು ಬೈಯುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. ಒಂದು ಆಸ್ಪತ್ರೆಯಲ್ಲಿ ಹಿರಿಯ ಸ್ಟಾಫ್ ನರ್ಸ್ ಒಬ್ಬರು ಒಂದು ಬಟನ್ ಹುಡುಕಲು ಒಂಬತ್ತು ನಿಮಿಷ ಒದ್ದಾಡಿದರು. ಕೊನೆಗೆ ಹೇಗಿದೆ ಅಂತ ಕೇಳಿದೆ. 'ಈಸಿಯಾಗಿದೆ ಮೇಡಂ, ನಾನೇ ಸ್ವಲ್ಪ ದಡ್ಡಿ' ಅಂದರು. ಅವರು ಫಾರಂ ತುಂಬಿದ್ದರೆ ಅದಕ್ಕೂ ನಾಲ್ಕೇ ಬರುತ್ತಿತ್ತು.

ಅಂಕೆಯೇ ಬೇಕು ಅಂತ ಮ್ಯಾನೇಜ್‌ಮೆಂಟ್ ಹಟ ಹಿಡಿದರೆ ಒಂದು ಒಳ್ಳೆಯ ಫಾರಂ ಇದೆ. ಜಾನ್ ಬ್ರೂಕ್ ಎಂಬವರು 1986ರಲ್ಲಿ ಮಾಡಿದ್ದು. ಹತ್ತೇ ವಾಕ್ಯ. ಒಂದು ಹೊಗಳುವ ವಾಕ್ಯ, ಮುಂದಿನದು ತೆಗಳುವ ವಾಕ್ಯ, ಹೀಗೆ ಬರುತ್ತವೆ. ಹಾಗಾಗಿ ಕಣ್ಣುಮುಚ್ಚಿ ಎಲ್ಲದಕ್ಕೂ ನಾಲ್ಕು ಹಾಕಿದರೆ ಅಂಕ ಮೇಲೆ ಹೋಗುವುದಿಲ್ಲ. ಸೊನ್ನೆಯಿಂದ ನೂರರ ಅಳತೆಯಲ್ಲಿ 68ರ ಆಸುಪಾಸು ಸಾಧಾರಣ ಅಂತ ಲೆಕ್ಕ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ವೈದ್ಯರು ತಮ್ಮ ಆಸ್ಪತ್ರೆಗಳ ದಾಖಲೆ ಸಾಫ್ಟ್‌ವೇರಿಗೆ ಕೊಟ್ಟ ಸರಾಸರಿ 45.9. ಕೋಟಿಗಟ್ಟಲೆ ಡಾಲರ್ ಸುರಿದವರ ಕಥೆ ಇದು. ಆದರೆ ಈ ಅಂಕ ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಎಷ್ಟಿದೆ ಅನ್ನುತ್ತದೆ, ಟೈಫಾಯಿಡೋ ಮಲೇರಿಯಾನೋ ಹೇಳುವುದಿಲ್ಲ.

ಡೆಮೋ ದಿನ ಎಲ್ಲರಿಗೂ ಇಷ್ಟವಾದದ್ದರಲ್ಲೂ ಆಶ್ಚರ್ಯವಿಲ್ಲ. ಡೆಮೋದಲ್ಲಿ ಕ್ಲಿಕ್ ಮಾಡುವವನು ಕಂಪನಿಯ ಹುಡುಗ. ವಾರ್ಡಿನಲ್ಲಿ ಒಬ್ಬನೇ ರೋಗಿ, ಅವನ ಹೆಸರು 'ಟೆಸ್ಟ್ ಪೇಷಂಟ್'. ಯಾರೂ ಬಂದು 'ಸಿಸ್ಟರ್, ಡ್ರಿಪ್ ಖಾಲಿ ಆಯ್ತು' ಅನ್ನುವುದಿಲ್ಲ.

ಕಂಪನಿಯವರು ಪ್ರಮಾಣಪತ್ರ ತೋರಿಸಿರಬಹುದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿಗೆ ಜೋಡಣೆಯಾಗಿದೆ ಅಂತ ಈಗ ಎಲ್ಲರೂ ಬ್ರೋಷರಿನ ಮೊದಲ ಪುಟದಲ್ಲೇ ಹಾಕುತ್ತಾರೆ. ಅದು ಬೇಕಾದದ್ದೇ. ಆದರೆ ಅಲ್ಲಿ ನೋಡುವುದು ರೋಗಿಯ ಆರೋಗ್ಯ ಗುರುತಿನ ಸಂಖ್ಯೆಯಾದ ಆಭಾ ನಂಬರ್ ಸರಿಯಾಗಿ ಜೋಡಣೆಯಾಗುತ್ತದಾ, ದಾಖಲೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಕ್ಷಿತವಾಗಿ ಹೋಗುತ್ತವಾ ಅಂತ. ರಾತ್ರಿ ಎರಡು ಗಂಟೆಗೆ ನಿಮ್ಮ ಹುಡುಗಿಗೆ ಸರಿಯಾದ ಲಕ್ಷ್ಮಮ್ಮ ಸಿಗುತ್ತಾರಾ ಅಂತ ಅಲ್ಲ.

ಆ ರಾತ್ರಿ ಪರದೆಯ ಮೇಲೆ ಏನಿತ್ತು

ನಾಳೆ ಡ್ಯೂಟಿಗೆ ಹೋದಾಗ ನಾಲ್ಕು ವಿಷಯ ನೋಡಿ.

ಮೊದಲು ರೋಗಿಗಳ ಪಟ್ಟಿ. ಅದು ಬೆಡ್ ನಂಬರಿನ ಕ್ರಮದಲ್ಲಿದೆಯೋ ಅಕ್ಷರದ ಕ್ರಮದಲ್ಲೋ? ಅಕ್ಷರದ ಕ್ರಮವಾದರೆ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರ ಕೆಳಗೊಬ್ಬರು ಕೂತಿರುತ್ತಾರೆ. ಹಳೆ ಕೇಸ್ ಶೀಟಿನಲ್ಲಿ 'ಲಕ್ಷ್ಮಮ್ಮ ಕೋಂ ರಂಗೇಗೌಡ', 'ಲಕ್ಷ್ಮಮ್ಮ ಕೋಂ ನಿಂಗಪ್ಪ' ಅಂತ ಬರೆಯುತ್ತಿದ್ದಿರಿ, ಅಲ್ವಾ? ಆ 'ಕೋಂ' ದಂಡಕ್ಕೆ ಇರಲಿಲ್ಲ. ಇಬ್ಬರನ್ನು ಬೇರೆ ಮಾಡುತ್ತಿದ್ದದ್ದೇ ಅದು. ಎಲ್ಲೋ ಕೂತು ಮಾಡಿದ ಸಾಫ್ಟ್‌ವೇರ್ ಮೊದಲ ಹೆಸರು, ಕೊನೆಯ ಹೆಸರು ಕೇಳುತ್ತದೆ. ಕೊನೆಯ ಹೆಸರು ಇಲ್ಲದವರಿಗೆ ಕೌಂಟರಿನವರು ಒಂದು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅಂದಾಜು ವಯಸ್ಸು, ಜನವರಿ 1. ಹೀಗೆ ಹೆಸರು, ವಯಸ್ಸು, ಹುಟ್ಟಿದ ದಿನ ಮೂರೂ ತಾಳೆಯಾಗುವ ಇಬ್ಬರು ಬೇರೆ ಬೇರೆ ಹೆಂಗಸರು ಒಂದೇ ವಾರ್ಡಿನಲ್ಲಿ ಮಲಗಿರುತ್ತಾರೆ. ಇದಕ್ಕೆ ತಿರುಗುಮುರುಗು ಕಥೆಯೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಲಕ್ಷ್ಮಮ್ಮನ 'ಕ್ಷ' ಬರೆಯಲು ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆ-ಎಸ್-ಎಚ್ ಹಾಕುತ್ತಾರೆ. ಹುಡುಕಿದಾಗ ಸಿಗುವುದಿಲ್ಲ. ಹೊಸ ನಂಬರ್ ಕೊಟ್ಟುಬಿಡುತ್ತಾರೆ. ಒಬ್ಬರೇ ಲಕ್ಷ್ಮಮ್ಮನಿಗೆ ಮೂರು ಫೈಲು, ಅಲರ್ಜಿ ಬರೆದಿರುವುದು ಅದರಲ್ಲಿ ಒಂದರಲ್ಲಿ ಮಾತ್ರ.

ಎರಡನೆಯದು, ಪಟ್ಟಿ ಅಲುಗಾಡುತ್ತದಾ? ಹೊಸ ಅಡ್ಮಿಷನ್ ಬಂದಾಗ ಕೆಲವು ಸಾಫ್ಟ್‌ವೇರುಗಳಲ್ಲಿ ಪಟ್ಟಿ ತಾನಾಗಿ ಹೊಸದಾಗುತ್ತದೆ, ಎಲ್ಲ ಸಾಲೂ ಒಂದು ಮನೆ ಕೆಳಗೆ ಇಳಿಯುತ್ತವೆ. ಕಣ್ಣು ನೋಡಿದ್ದು ಒಂದು ಸಾಲು, ಬೆರಳು ಒತ್ತುವಷ್ಟರಲ್ಲಿ ಅಲ್ಲಿ ಇನ್ನೊಬ್ಬರು. ಅರ್ಧ ಸೆಕೆಂಡಿನ ಆಟ. ಒತ್ತಿದವರಿಗೆ ತಾನು ಸರಿಯಾಗೇ ಒತ್ತಿದೆ ಅಂತ ಪ್ರಮಾಣ ಮಾಡಿ ಹೇಳುವಷ್ಟು ಖಾತ್ರಿ ಇರುತ್ತದೆ. ನಿಮ್ಮ ಹುಡುಗಿ ಹಾಗೇನಾದರೂ ಹೇಳಿದಳಾ?

ಮೂರನೆಯದು, ಔಷಧಿ ಬರೆಯುವ ಪುಟದಲ್ಲಿ ಕೆಳಗೆ ಇಳಿದಾಗ ರೋಗಿಯ ಹೆಸರು ಕಾಣುತ್ತಿರುತ್ತದಾ, ಮೇಲೆ ಮಾಯವಾಗುತ್ತದಾ? 'ಸೇವ್' ಒತ್ತುವ ಕ್ಷಣದಲ್ಲಿ ಹೆಸರು, ಬೆಡ್ ಕಣ್ಣೆದುರು ಇಲ್ಲದಿದ್ದರೆ ಆ ಪುಟ ಕತ್ತಲೆಯಲ್ಲಿ ಇಂಜೆಕ್ಷನ್ ತುಂಬಿದ ಹಾಗೆ.

ಕೊನೆಯದು, ಒಂದೇ ಸಲಕ್ಕೆ ಎರಡು ಚಾರ್ಟ್ ತೆರೆದಿಡಬಹುದಾ? ಅರ್ಧ ಎಂಟ್ರಿ ಮಾಡಿ ಎದ್ದು ಹೋದರೆ, ವಾಪಸ್ ಬಂದಾಗ ಯಾರ ಚಾರ್ಟ್ ತೆರೆದಿರುತ್ತದೆ? ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್ ಇದ್ದರೆ ಎದ್ದು ಹೋದ ಹೊತ್ತಿನಲ್ಲಿ ಇನ್ನೊಬ್ಬರು ಅದೇ ಕಂಪ್ಯೂಟರಿನಲ್ಲಿ ಬೇರೆ ಚಾರ್ಟ್ ತೆರೆದಿರಲೂಬಹುದು. ಆಗ ಮೆಮೋ ಯಾರಿಗೆ ಕೊಡಬೇಕು ಅನ್ನುವುದೇ ಗೊತ್ತಾಗದು.

ಒಬ್ಬ ಹುಡುಗ, ಮೂವತ್ತೆಂಟೂವರೆ ಮಾತ್ರೆ

ಇದು ಸಣ್ಣ ಊರಿನ, ಅಗ್ಗದ ಸಾಫ್ಟ್‌ವೇರಿನ ಕಥೆ ಅಂತ ನಿಮ್ಮ ಮ್ಯಾನೇಜ್‌ಮೆಂಟಿನವರು ಅಂದುಕೊಳ್ಳಬಾರದು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದದ್ದನ್ನು ಅವರಿಗೆ ಹೇಳಿ. ಆಸ್ಪತ್ರೆಯವರು ಅದನ್ನು ಮುಚ್ಚಿಡಲಿಲ್ಲ, ಎಲ್ಲರೂ ಕಲಿಯಲಿ ಅಂತ ಬಹಿರಂಗವಾಗಿ ಹೇಳಿಕೊಂಡರು.

16 ವರ್ಷದ ಹುಡುಗ. ಅವನು ದಿನವೂ ತೆಗೆದುಕೊಳ್ಳುತ್ತಿದ್ದ ಆಂಟಿಬಯಾಟಿಕ್ 160 ಮಿಲಿಗ್ರಾಮಿನ ಒಂದು ಮಾತ್ರೆ, ದಿನಕ್ಕೆ ಎರಡು ಸಲ. ತೂಕ 38.6 ಕಿಲೋ. 40 ಕಿಲೋಗಿಂತ ಕಡಿಮೆ ಇದ್ದರೆ ಡೋಸನ್ನು ತೂಕದ ಲೆಕ್ಕದಲ್ಲೇ ಬರೆಯಬೇಕು ಅಂತ ಅಲ್ಲಿನ ನಿಯಮ. ಡಾಕ್ಟರು ಕಿಲೋಗೆ 5 ಮಿಲಿಗ್ರಾಂ ಅಂತ ಬರೆದರು. ಕಂಪ್ಯೂಟರ್ 193 ಅಂದಿತು. ಅಂಥ ಮಾತ್ರೆ ಇಲ್ಲವಲ್ಲ. ಫಾರ್ಮಸಿಯವರು '160 ಅಂತಲೇ ಮತ್ತೆ ಬರೆಯಿರಿ' ಅಂದರು. ಡಾಕ್ಟರು 160 ಅಂತ ಒತ್ತಿದರು. ಪಕ್ಕದ ಪೆಟ್ಟಿಗೆಯಲ್ಲಿ 'ಮಿಲಿಗ್ರಾಂ' ಬದಲು 'ಕಿಲೋಗೆ ಮಿಲಿಗ್ರಾಂ' ಅನ್ನುವುದು ಹಾಗೇ ಕೂತಿತ್ತು. 160ನ್ನು 38.6ರಿಂದ ಗುಣಿಸಿದರೆ 6,176 ಮಿಲಿಗ್ರಾಂ, ಅಂದರೆ ಮೂವತ್ತೆಂಟೂವರೆ ಮಾತ್ರೆ.

ಇಲ್ಲಿಂದ ಮುಂದಿನದನ್ನು ಗಮನಿಸಿ. ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು. ಡಾಕ್ಟರು ದಾಟಿಸಿದರು, ಯಾಕೆಂದರೆ ಅಂಥ ಎಚ್ಚರಿಕೆಗಳು ದಿನವಿಡೀ ಬರುತ್ತಲೇ ಇರುತ್ತಿದ್ದವು. ಫಾರ್ಮಸಿಯವರಿಗೂ ಬಂತು, ಅವರೂ ದಾಟಿಸಿದರು. ರೋಬಾಟ್ ತಪ್ಪಿಲ್ಲದೆ ಎಣಿಸಿ ಪ್ಯಾಕ್ ಮಾಡಿತು. ನರ್ಸ್ ಆ ದಿನ ಬೇರೆ ವಾರ್ಡಿನಿಂದ ಬಂದವರು. ಇಷ್ಟೊಂದು ಮಾತ್ರೆಯಾ ಅಂತ ಅವರಿಗೆ ಅನುಮಾನ ಬಂತು. ಬಾರ್‌ಕೋಡ್ ಸ್ಕ್ಯಾನ್ ಮಾಡಿ ನೋಡಿದರು, ಆರ್ಡರಿಗೂ ಮಾತ್ರೆಗೂ ತಾಳೆಯಾಯಿತು. ಹುಡುಗ ನುಂಗಿದ. ಫಿಟ್ಸ್ ಬಂತು, ಉಸಿರಾಟ ನಿಂತಿತು. ಬದುಕಿಕೊಂಡ, ಪುಣ್ಯ.

ಇಲ್ಲಿ ಯಾರಿಗೆ ಮೆಮೋ ಕೊಡುತ್ತೀರಿ? ಎಲ್ಲರೂ ಓದಿದವರು, ಎಲ್ಲರೂ ಟ್ರೈನಿಂಗ್ ಆದವರು. ಹೆಚ್ಚು ಎಚ್ಚರಿಕೆ ಬಂದಷ್ಟೂ ಹೆಚ್ಚು ಸುರಕ್ಷಿತ ಅನ್ನುವ ನಂಬಿಕೆ ಇದೆಯಲ್ಲ, ಅದು ಇಲ್ಲಿ ಪೂರ್ತಿ ಸುಳ್ಳಾಯಿತು. ಹಳೆಯ ಉದಾಹರಣೆಯೂ ಇದೆ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ರೇಡಿಯೇಷನ್ ಯಂತ್ರ ಆರು ರೋಗಿಗಳಿಗೆ ಅತಿಯಾದ ವಿಕಿರಣ ಕೊಟ್ಟಿತು. ಮೂಲ ದೋಷ ಪ್ರೋಗ್ರಾಮಿನದು. ಆದರೆ ಅವುಗಳಲ್ಲಿ ಎರಡು ಸಲ ಪರದೆಯ ಮೇಲೆ ಬಂದದ್ದು 'ಮಾಲ್‌ಫಂಕ್ಷನ್ 54' ಅಂತ ಮಾತ್ರ. ಹಾಗಂದರೆ ಏನು ಅಂತ ಕೈಪಿಡಿಯಲ್ಲೂ ಬಿಡಿಸಿ ಹೇಳಿರಲಿಲ್ಲ. ಇಂಥ ಸಂದೇಶ ಬಂದಾಗ 'ಪಿ' ಕೀ ಒತ್ತಿ ಮುಂದುವರಿಯುವುದು ಆಪರೇಟರುಗಳಿಗೆ ರೂಢಿಯಾಗಿಬಿಟ್ಟಿತ್ತು.

ಟ್ರೈನಿಂಗ್ ವಿಷಯಕ್ಕೆ ನನ್ನದೊಂದು ಸರಳ ಲೆಕ್ಕವಿದೆ. ಹೊಸಬರು ಮೊದಲ ವಾರ ತಪ್ಪಿ, ಆಮೇಲೆ ತಪ್ಪದಿದ್ದರೆ ಅದು ಟ್ರೈನಿಂಗ್ ವಿಷಯ. ಒಂದೇ ಜಾಗದಲ್ಲಿ ಬೇರೆ ಬೇರೆ ಮೂವರು, ಅದೂ ಅನುಭವ ಇರುವವರು ಎಡವಿದರೆ ಅದು ಪರದೆಯ ವಿಷಯ. ಹೊಸ್ತಿಲು ಎತ್ತರ ಇದ್ದರೆ ಕಾಲೆತ್ತಿ ನಡೆಯಲು ಎಷ್ಟು ಜನಕ್ಕೆ ಕಲಿಸುತ್ತೀರಿ?

ಪರೀಕ್ಷೆ ಮಾಡುವ ಬಗೆ

ಮೊದಲ ಕೆಲಸಕ್ಕೆ ಕಾಸೂ ಬೇಡ, ಯಾರ ಒಪ್ಪಿಗೆಯೂ ಬೇಡ. ಎಲ್ಲ ವಾರ್ಡು ಸುತ್ತಿ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಗಳನ್ನು ಓದಿ. 'ಸೇವ್ ಆದ ಮೇಲೆ ಎಫ್5 ಒತ್ತಿ', 'ಪ್ಯಾರಸಿಟಮಾಲ್ ಹುಡುಕಲು ಡೋಲೋ ಅಂತ ಟೈಪ್ ಮಾಡಿ', 'ಎರಡನೇ ಓಕೆ ಒತ್ತಬೇಡಿ'. ಪ್ರತಿ ಚೀಟಿಯೂ ಪರದೆ ಹೇಳಬೇಕಾಗಿದ್ದು ಹೇಳದೇ ಬಿಟ್ಟ ಜಾಗ. ಯೂನಿಫಾರಂ ಜೇಬಿನ ಸಣ್ಣ ನೋಟ್‌ಬುಕ್ಕುಗಳನ್ನೂ ಕೇಳಿ ನೋಡಿ. ಕಂಪ್ಯೂಟರ್ ಬಂದ ಮೇಲೂ ಏನನ್ನು ಅಲ್ಲಿ ಬರೆದುಕೊಳ್ಳುತ್ತಿದ್ದಾರೋ ಅದನ್ನು ಕಂಪ್ಯೂಟರಿನಲ್ಲಿ ನಂಬುವುದಿಲ್ಲ ಎಂದರ್ಥ. ನನ್ನ ಎಷ್ಟೋ ರಿಪೋರ್ಟಿನ ಅರ್ಧ ಭಾಗ ಈ ಚೀಟಿಗಳಿಂದಲೇ ಬಂದಿದೆ.

ಎರಡನೆಯದಕ್ಕೆ ಕಂಪನಿಯವರು ಬೇಕು. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯವರು ಜಾಣತನದ ಒಂದು ಲೆಕ್ಕ ಕಂಡುಹಿಡಿದರು. ಒಬ್ಬರು ಆರ್ಡರ್ ಹಾಕಿ, 10 ನಿಮಿಷದೊಳಗೆ ಅದನ್ನು ರದ್ದು ಮಾಡಿ, ಮುಂದಿನ 10 ನಿಮಿಷದೊಳಗೆ ಅದೇ ಆರ್ಡರನ್ನು ಬೇರೆ ರೋಗಿಗೆ ಹಾಕಿದರೆ, ಮೊದಲನೆಯದು ತಪ್ಪು ರೋಗಿಗೆ ಬಿದ್ದಿತ್ತು ಅಂತ ಬಹುಮಟ್ಟಿಗೆ ಹೇಳಬಹುದು. ಹಾಕಿದವರೇ ತಿದ್ದಿಕೊಂಡಿರುತ್ತಾರೆ, ಯಾರಿಗೂ ಗೊತ್ತಾಗಿರುವುದಿಲ್ಲ. ಯಾರು, ಯಾವಾಗ, ಏನು ಮಾಡಿದರು ಅಂತ ಕಂಪ್ಯೂಟರ್ ತಾನೇ ಬರೆದಿಡುವ ಆಡಿಟ್ ಲಾಗ್‌ನಿಂದ ಎಂಟು ತಿಂಗಳ ಇಂಥ ಪಟ್ಟಿ ತೆಗೆದುಕೊಡಿ ಅಂತ ಕಂಪನಿಯನ್ನು ಕೇಳಿ. ಹೆಸರುಗಳನ್ನು ಅಳಿಸಿಯೇ ಕೊಡಲಿ. ಆ ಪಟ್ಟಿಯಲ್ಲಿ ಹಿರಿಯರ, ಡಾಕ್ಟರುಗಳ ಎಂಟ್ರಿಯೂ ಇದ್ದರೆ ಮೆಮೋ ವಿಷಯ ತಾನಾಗಿ ಬಗೆಹರಿಯುತ್ತದೆ.

ಮೂರನೆಯದೇ ನಿಜವಾದ ಪರೀಕ್ಷೆ. ಐದು ಜನರನ್ನು ಆರಿಸಿ. ಕಂಪ್ಯೂಟರಿನಲ್ಲಿ ಚುರುಕಾದವರನ್ನೇ ಆರಿಸಬೇಡಿ. ರಿಟೈರ್‌ಮೆಂಟ್ ಹತ್ತಿರ ಇರುವವರೊಬ್ಬರು, ಮೊನ್ನೆ ಸೇರಿದವರೊಬ್ಬರು, ಓದಲು ಕನ್ನಡಕ ಬೇಕಾದವರೊಬ್ಬರು ಇರಲಿ. ಒಬ್ಬೊಬ್ಬರನ್ನೇ ಕೂರಿಸಿ, 40 ನಿಮಿಷ ಸಾಕು. ರೋಗಿಗಳ ನಿಜವಾದ ದಾಖಲೆಯಲ್ಲಿ ಬೇಡವೇ ಬೇಡ. ಟ್ರೈನಿಂಗ್‌ಗೆ ಅಂತ ಬೇರೆ ಡೇಟಾಬೇಸ್ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ಮೂವರು ಲಕ್ಷ್ಮಮ್ಮ, ಇಬ್ಬರು ಮಂಜುನಾಥ, ಇನ್ನೂ ಹೆಸರಿಡದ, ತಾಯಿಯ ಹೆಸರಿನ ಹಿಂದೆ 'ಬೇಬಿ ಆಫ್' ಅಂತ ಶುರುವಾಗುವ ನಾಲ್ಕು ಕೂಸುಗಳನ್ನು ಸೇರಿಸಿ.

ಕೆಲಸವನ್ನು ವಾರ್ಡಿನ ಮಾತಿನಲ್ಲಿ ಹೇಳಿ, ಪರದೆಯ ಮಾತಿನಲ್ಲಿ ಅಲ್ಲ. 'ಮೆಡಿಕೇಷನ್ ಟ್ಯಾಬಿಗೆ ಹೋಗಿ ಆರ್ಡರ್ ಸೇರಿಸಿ' ಅಂದರೆ ಉತ್ತರ ನೀವೇ ಹೇಳಿಕೊಟ್ಟ ಹಾಗೆ. 'ಡಾಕ್ಟರು ಫೋನ್ ಮಾಡಿದ್ದಾರೆ, 14ನೇ ಬೆಡ್ಡಿನವರಿಗೆ ಬೆಳಗ್ಗೆ ಇನ್ಸುಲಿನ್ ಎಂಟು ಯೂನಿಟ್ ಅಂತೆ' ಅನ್ನಿ. ಇನ್ಸುಲಿನ್ ಒಂದು, ಅರ್ಧ ಮಾತ್ರೆ ಒಂದು, ಹಾಕಿದ ಆರ್ಡರ್ ನಿಲ್ಲಿಸುವುದು ಒಂದು, ಮಗುವಿಗೆ ತೂಕದ ಲೆಕ್ಕದ ಡ್ರಿಪ್ ಒಂದು, ಬೆಡ್ ಬದಲಾಯಿಸುವುದು ಒಂದು. ಐದಾರು ಕೆಲಸ ಸಾಕು.

ಎಂಟ್ರಿ ಅರ್ಧದಲ್ಲಿದ್ದಾಗ ಬೇಕಂತಲೇ ಕರೆಯಿರಿ. 'ಸ್ವಲ್ಪ ಬನ್ನಿ, ಆ ಟ್ರೇ ಎತ್ತಿಕೊಡಿ.' ಎರಡು ನಿಮಿಷ ಬಿಟ್ಟು ವಾಪಸ್ ಕಳಿಸಿ. ಅವರು ಎಲ್ಲಿಂದ ಶುರು ಮಾಡುತ್ತಾರೆ, ಯಾರ ಚಾರ್ಟಿನಲ್ಲಿ ಅಂತ ನೋಡಿ. ನನ್ನ ಅನುಭವದಲ್ಲಿ ಇಡೀ ಪರೀಕ್ಷೆಯಲ್ಲಿ ಜಾಸ್ತಿ ಕಲಿಸುವ ಗಳಿಗೆ ಇದೇ. ಆಗುವುದಾದರೆ ಒಂದು ಪರೀಕ್ಷೆಯನ್ನು ನಿಜವಾಗಿ ರಾತ್ರಿ ಎರಡು ಗಂಟೆಗೇ, ವಾರ್ಡಿನ ಮಬ್ಬು ಬೆಳಕಿನಲ್ಲೇ ಮಾಡಿ.

ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಿದ್ದೀರೋ ಅದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಅಂತ ಕೇಳಿಕೊಳ್ಳಿ. 'ಇದು ಎಲ್ಲಿ ಹೋಯ್ತು... ಓ ಇಲ್ಲಿದೆ... ಇದೇನಿದು ಕೆಂಪಗೆ...' ಇಂಥ ಮಾತೇ ಚಿನ್ನ. ನೀವು ಮಾತ್ರ ಬಾಯಿ ಬಿಡಬಾರದು. ಇದು ಎಲ್ಲಕ್ಕಿಂತ ಕಷ್ಟ, ಅದೂ ಇನ್‌ಚಾರ್ಜ್ ಸಿಸ್ಟರಿಗೆ! ಕೈ ಹೋಗಿ ಮೌಸ್ ಹಿಡಿಯುತ್ತದೆ. ನಾನು ಮೊದಮೊದಲು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ: 'ಪರೀಕ್ಷೆ ನಿಮಗಲ್ಲ, ಸಾಫ್ಟ್‌ವೇರಿಗೆ. ನಿಮಗೆ ಆಗಲಿಲ್ಲ ಅಂದರೆ ಅದು ಫೇಲ್.' ಮ್ಯಾನೇಜ್‌ಮೆಂಟಿನವರು, ಕಂಪನಿಯವರು ಆ ಕೋಣೆಯೊಳಗೆ ಇರಬಾರದು.

ಬರೆದುಕೊಳ್ಳಬೇಕಾದ್ದು ಮೂರೇ: ಕೆಲಸ ಸರಿಯಾಗಿ ಮುಗಿಯಿತಾ, ಎಷ್ಟು ಹೊತ್ತು ಹಿಡಿಯಿತು, ಎಲ್ಲೆಲ್ಲಿ ಎಡವಿದರು. ಆಮೇಲೆ ಎಡವಿದ ಜಾಗಗಳನ್ನು ವಿಂಗಡಿಸಿ. ಕಿರಿಕಿರಿ ಅಷ್ಟೇ ಆದದ್ದು, ಹೊತ್ತು ತಿನ್ನುವುದು, ರೋಗಿಗೆ ತೊಂದರೆ ಮಾಡಬಲ್ಲದ್ದು. ಕೊನೆಯದರಲ್ಲೂ ನೋಡಬೇಕಾದ್ದು, ತಪ್ಪಾಗಿದೆ ಅಂತ ಮಾಡಿದವರಿಗೇ ತಿಳಿಯಿತಾ ಇಲ್ಲವಾ. ತಿಳಿಯದೇ ಹೋಗುವ ತಪ್ಪು ಒಂದೇ ಸಲ ಕಂಡರೂ ಪಟ್ಟಿಯ ಮೇಲಕ್ಕೆ ಹೋಗಬೇಕು.

ಐದು ಜನ ಸಾಕಾ? ಒಬ್ಬೊಬ್ಬರೂ ತೊಂದರೆಗಳಲ್ಲಿ ಸುಮಾರು 31ರಷ್ಟು ಶೇಕಡಾ ತೋರಿಸುತ್ತಾರೆ ಅಂತ ಹಿಡಿದರೆ ಐವರಿಂದ ಸುಮಾರು 85 ಶೇಕಡಾ ಸಿಗುತ್ತದೆ ಅಂತ ಜೇಕಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ 1993ರಲ್ಲಿ ತೋರಿಸಿದ ಲೆಕ್ಕ. ಇದನ್ನು ಜನ ವೇದವಾಕ್ಯದಂತೆ ಬಳಸುತ್ತಾರೆ. ಆದರೆ 20 ಜನರಲ್ಲಿ ಒಬ್ಬರು ಮಾತ್ರ ಎಡವುವ ಜಾಗ ಐವರ ಪರೀಕ್ಷೆಯಲ್ಲಿ ಕಾಣುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೇ ವೈದ್ಯಕೀಯ ಸಾಧನಗಳ ಕೊನೆಯ ಪರೀಕ್ಷೆಗೆ ಪ್ರತಿ ಬಗೆಯ ಬಳಕೆದಾರರಲ್ಲಿ ಕನಿಷ್ಠ 15 ಜನ ಬೇಕು ಅನ್ನುತ್ತದೆ. ಹಾಗಾಗಿ ನಿಮ್ಮ ಐವರು ದೋಷ ಹುಡುಕಿಕೊಡುತ್ತಾರೆ. ದೋಷ ಇಲ್ಲ ಅನ್ನುವುದಕ್ಕೆ ಅವರು ಸಾಕ್ಷಿಯಲ್ಲ. ರಿಪೋರ್ಟಿನಲ್ಲಿ 'ಸುರಕ್ಷಿತವಾಗಿದೆ' ಅಂತ ಬರೆದು ಸಹಿ ಹಾಕಬೇಡಿ.

ಈಗ ಏನು ಮಾಡಬಹುದು

ಮೊದಲು ಸೆಟ್ಟಿಂಗಿನಲ್ಲೇ ಸರಿಹೋಗುವುದನ್ನು ಮಾಡಿಸಿ. ಪಟ್ಟಿಯನ್ನು ಬೆಡ್ ಕ್ರಮಕ್ಕೆ ತರುವುದು, ಗಂಡ ಅಥವಾ ತಂದೆಯ ಹೆಸರನ್ನು ಪಟ್ಟಿಯಲ್ಲೇ ತೋರಿಸುವುದು, ಒಂದೇ ಹೆಸರಿನವರಿದ್ದರೆ ಗುರುತು ಹಾಕುವುದು, ಉಪಯೋಗವಿಲ್ಲದ ಎಚ್ಚರಿಕೆಗಳನ್ನು ಡಾಕ್ಟರುಗಳ ಜೊತೆ ಕೂತು ನಿಲ್ಲಿಸುವುದು. ಎಷ್ಟೋ ಸಾಫ್ಟ್‌ವೇರುಗಳಲ್ಲಿ ಇವೆಲ್ಲ ಒಳಗೇ ಇರುತ್ತವೆ, ಯಾರೂ ಆನ್ ಮಾಡಿರುವುದಿಲ್ಲ. ಅಪಾಯ ಒಂದೇ. ಎಚ್ಚರಿಕೆ ನಿಲ್ಲಿಸುವಾಗ ಬೇಕಾದದ್ದೂ ಹೋಗಿಬಿಡಬಹುದು. ಯಾವುದನ್ನು, ಯಾಕೆ ನಿಲ್ಲಿಸಿದಿರಿ ಅಂತ ಬರೆದು ಸಹಿ ಮಾಡಿಸಿಡಿ.

ಆಮೇಲೆ ಕಂಪನಿಯವರು ಪ್ರೋಗ್ರಾಂ ಬದಲಿಸಬೇಕಾದ್ದು. ಔಷಧಿ ಆರ್ಡರ್ ಹಾಕುವ ಮುಂಚೆ ಐಪಿ (ಒಳರೋಗಿ) ನಂಬರೋ ಹೆಸರಿನ ಮೊದಲಕ್ಷರ, ವಯಸ್ಸೋ ಮತ್ತೆ ಟೈಪ್ ಮಾಡಿಸುವುದು ಇದರಲ್ಲಿ ಒಂದು. ಅದೇ ಮಾಂಟಿಫಿಯೋರಿನಲ್ಲಿ ಹೀಗೆ ಮಾಡಿಸಿದಾಗ ತಪ್ಪು ರೋಗಿಗೆ ಬೀಳುವ ಆರ್ಡರ್ 41 ಶೇಕಡಾ ಕಡಿಮೆಯಾಯಿತು. 'ಇವರೇನಾ?' ಅಂತ ಕೇಳಿ ಓಕೆ ಒತ್ತಿಸಿದಾಗ ಕಡಿಮೆಯಾದದ್ದು 16 ಶೇಕಡಾ ಮಾತ್ರ. ನೋಡಿ, ಕ್ಲಿಕ್ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಬಿಪಿ ಬರೆಯಲು ಆರು ಕ್ಲಿಕ್ ಬೇಕಾದರೆ ಅದು ಹಿಂಸೆ. ಇನ್ಸುಲಿನ್ ಬರೆಯಲು ಎರಡು ಅಕ್ಷರ ಜಾಸ್ತಿ ಟೈಪ್ ಮಾಡಿಸಿದರೆ ಅದು ಕಾವಲು. ಆದರೆ ಎಲ್ಲದಕ್ಕೂ ಕಾವಲು ಹಾಕಿದರೆ ಮತ್ತೆ ಕಣ್ಣುಮುಚ್ಚಿ ದಾಟುವ ಅಭ್ಯಾಸ ಬರುತ್ತದೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಇಂಥ, ತಪ್ಪಿದರೆ ಪ್ರಾಣಕ್ಕೇ ಕುತ್ತು ತರುವ ಔಷಧಿಗಳಿಗೆ ಮೀಸಲಿಡಿ. ನಿಮಗೆ ಅಂತ ವಿಶೇಷವಾಗಿ ಮಾಡಿಸಿದ ಬದಲಾವಣೆ ಮುಂದಿನ ಅಪ್‌ಡೇಟಿನಲ್ಲಿ ಮಾಯವಾಗುವುದೂ ಉಂಟು. ಪ್ರತಿ ಅಪ್‌ಡೇಟ್ ಆದ ಮೇಲೆ ಆ ಐದಾರು ಕೆಲಸವನ್ನು ಒಬ್ಬರಾದರೂ ಮಾಡಿ ನೋಡಬೇಕು.

ಹಣ ಕಟ್ಟುವ ಮುಂಚೆ ಇವನ್ನೆಲ್ಲ ಒಪ್ಪಂದದಲ್ಲಿ ಬರೆಸಿ. ರೋಗಿಗೆ ತೊಂದರೆ ಮಾಡಬಲ್ಲ ದೋಷ ಇಷ್ಟು ದಿನದಲ್ಲಿ ಸರಿಯಾಗಬೇಕು ಅಂತ ತಾರೀಖು ಇರಲಿ. ಐಇಸಿ 62366-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನರ್ಸುಗಳ ಜೊತೆ ಬಳಕೆ ಪರೀಕ್ಷೆ ಮಾಡಿದ್ದೀರಾ, ವರದಿ ತೋರಿಸಿ ಅಂತಲೂ ಕೇಳಿ. ಅದು ವೈದ್ಯಕೀಯ ಸಾಧನಗಳಿಗೆ ಇರುವ ಮಾನದಂಡ, ಎಲ್ಲ ಆಸ್ಪತ್ರೆ ಸಾಫ್ಟ್‌ವೇರಿಗೂ ಕಡ್ಡಾಯವಲ್ಲ. ಆದರೆ ಪ್ರಶ್ನೆ ಕೇಳಿದಾಗ ಅವರ ಮುಖ ಹೇಗಾಗುತ್ತದೆ ಅನ್ನುವುದೇ ಒಂದು ಉತ್ತರ.

ಬೇರೆ ಕಂಪನಿಗೆ ಹೋಗುವುದು ಕೊನೆಯ ದಾರಿ. ಬದಲಾವಣೆಯ ಕಾಲವೇ ಅಪಾಯದ ಕಾಲ. ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಔಷಧಿ ಆರ್ಡರ್ ಹಾಕುವುದು ಕಂಪ್ಯೂಟರಿಗೆ ಬಂದ ಐದು ತಿಂಗಳಲ್ಲಿ, ಬೇರೆಡೆಯಿಂದ ಅಲ್ಲಿಗೆ ಕಳಿಸಿದ ಮಕ್ಕಳ ಸಾವಿನ ಪ್ರಮಾಣ 2.80 ಶೇಕಡಾದಿಂದ 6.57ಕ್ಕೆ ಏರಿತ್ತು ಅಂತ 2005ರಲ್ಲಿ ವರದಿಯಾಯಿತು. ಮಗು ಬಾಗಿಲಿಗೆ ಬಂದು ರಿಜಿಸ್ಟರ್ ಆಗುವವರೆಗೆ ಆರ್ಡರ್ ಹಾಕಲಾಗುತ್ತಿರಲಿಲ್ಲ, ವಾರ್ಡಿನಲ್ಲಿದ್ದ ಔಷಧಿ ಫಾರ್ಮಸಿಗೆ ಹೋಗಿತ್ತು. ಅದೇ ಕಂಪನಿಯ ಸಾಫ್ಟ್‌ವೇರ್ ಹಾಕಿಕೊಂಡ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಾವು ಹೆಚ್ಚಲಿಲ್ಲ. ಅವರು ಕೂರಿಸಿದ ಬಗೆ ಬೇರೆ ಇತ್ತು.

ಪುಸ್ತಕಕ್ಕೆ ವಾಪಸ್ ಹೋಗೋಣ್ವಾ ಅಂತ ಕೇಳಿದ್ದೀರಿ. ಬೇಡ. ಪುಸ್ತಕದಲ್ಲಿ ಡಾಕ್ಟರ ಅಕ್ಷರ ಓದಲಾಗದೆ ಆದ ತಪ್ಪುಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕಿಂತ ಕೆಟ್ಟದ್ದು ಪುಸ್ತಕ, ಕಂಪ್ಯೂಟರ್ ಎರಡನ್ನೂ ನಡೆಸುವುದು. ಒಂದರಲ್ಲಿ ನಿಲ್ಲಿಸಿದ ಔಷಧಿ ಇನ್ನೊಂದರಲ್ಲಿ ನಡೆಯುತ್ತಿರುತ್ತದೆ. ಈ ತಿಂಗಳಿಗೆ ಒಂದೇ ಒಂದು ತಾತ್ಕಾಲಿಕ ಕ್ರಮ ಮಾಡಿ: ಫೋನ್ ಆರ್ಡರ್ ಹಾಕಿದ ಮೇಲೆ, ಇನ್ಸುಲಿನ್ ಇದ್ದರೆ, ಇನ್ನೊಬ್ಬರು ಬೆಡ್ ಹತ್ತಿರ ಹೋಗಿ ಕೈಪಟ್ಟಿಯ ನಂಬರ್ ನೋಡಿ ಬರಲಿ. ಪರದೆಯ ಮುಂದೆಯೇ ಇಬ್ಬರು ನಿಂತು ನೋಡಿದರೆ ಇಬ್ಬರೂ ಒಂದೇ ತಪ್ಪು ಓದುತ್ತಾರೆ. 2006ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ನಾಲ್ಕು ದಿನಕ್ಕೆ ಹೋಗಬೇಕಾದ ಕ್ಯಾನ್ಸರ್ ಔಷಧಿ ನಾಲ್ಕು ಗಂಟೆಯಲ್ಲಿ ಹೋಯಿತು. ಗಂಟೆಗೆ 1.2 ಮಿಲಿಲೀಟರ್ ಇರಬೇಕಾದ ಕಡೆ ದಿನದ ಲೆಕ್ಕದ 28.8 ಪಂಪಿಗೆ ಹೋಗಿತ್ತು. ಇಬ್ಬರು ನರ್ಸುಗಳು ಲೆಕ್ಕ ನೋಡಿದ್ದರು. ಇಬ್ಬರಿಗೂ 24ರಿಂದ ಭಾಗಿಸುವುದು ತಪ್ಪಿಹೋಯಿತು. ರೋಗಿ ಉಳಿಯಲಿಲ್ಲ.

ಮೆಮೋ ವಿಷಯ. ಆಡಿಟ್ ಲಾಗ್ ಬರುವವರೆಗೆ ಅದನ್ನು ಫೈಲಿಗೆ ಸೇರಿಸಬೇಡಿ ಅಂತ ಕೇಳಿ. ಹುಡುಗಿ ಮೇಲಿನ ಪ್ರೀತಿಗೆ ಮಾತ್ರ ಹೇಳುತ್ತಿಲ್ಲ. ಮೆಮೋ ಹೋದ ವಾರ್ಡಿನಲ್ಲಿ ಮುಂದಿನ ತಪ್ಪು ಹ್ಯಾಂಡೋವರ್‌ನಲ್ಲಿ ಸಿಕ್ಕಿಬಿದ್ದರೂ ನಿಮ್ಮ ಕಿವಿಗೆ ಬೀಳುವುದಿಲ್ಲ, ಇಬ್ಬರೇ ಮಾತಾಡಿಕೊಂಡು ತಿದ್ದಿಬಿಡುತ್ತಾರೆ. ಪರೀಕ್ಷೆಗೆ ಅವಳನ್ನು ನಿಮ್ಮ ಪಕ್ಕ ಕೂರಿಸಿಕೊಳ್ಳಿ, ಬರೆದುಕೊಳ್ಳುವ ಕೆಲಸ ಕೊಡಿ. ಬೇರೆಯವರು ಆ ಪಟ್ಟಿಯಲ್ಲಿ ಎಲ್ಲಿ ಎಡವುತ್ತಾರೆ ಅಂತ ಅವಳಷ್ಟು ಬೇಗ ಇನ್ಯಾರಿಗೂ ಕಾಣುವುದಿಲ್ಲ.

ಇನ್ನೊಂದು, ಟ್ರೈನಿಂಗ್ ಡೇಟಾಬೇಸ್ ನಿಜವಾಗಿಯೂ ಬೇರೆ ಇದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಂದು ಆಸ್ಪತ್ರೆಯಲ್ಲಿ ಬೇರೆ ಇದೆ ಅಂದಿದ್ದರು, ನಾವೂ ನಂಬಿ ಪರೀಕ್ಷೆಗೆ ಅಂತ ಒಬ್ಬ ರೋಗಿಯನ್ನು ಸೃಷ್ಟಿಸಿ 23ನೇ ಬೆಡ್ ಕೊಟ್ಟೆವು. ಖಾಲಿ ಬೆಡ್ಡಿಗೆ ಅಡುಗೆಮನೆಯಿಂದ ಮೂರು ದಿನ ರಾಗಿ ಗಂಜಿ ಬರುತ್ತಿತ್ತು. ನಾಲ್ಕನೇ ದಿನ ಅಡುಗೆಯವರೇ ಬಂದು, 'ಈಯಪ್ಪ ಒಂದು ದಿನಾನೂ ಗಂಜಿ ಮುಟ್ಟಿಲ್ಲ ಸಿಸ್ಟರ್, ಡಾಕ್ಟರಿಗೆ ಹೇಳಿದ್ರಾ?' ಅಂತ ಕೇಳಿದರು.